ಸಾಂಕ್ರಾಮಿಕದಲ್ಲಿ ಮನೆಯಿಂದ ಕೆಲಸ: ಟೀಂನವರ ಮನಸ್ಸು ಕೆಡದಂತೆ ನೋಡಿಕೊಳ್ಳುವುದು ಹೇಗೆ

ಶುಕ್ರವಾರ ಸಂಜೆ ಆರಕ್ಕೆ ಎಚ್‌ಆರ್ ಕಡೆಯಿಂದ ಒತ್ತಡ ಕಡಿಮೆ ಮಾಡಿಕೊಳ್ಳುವ ಬಗ್ಗೆ ವೆಬಿನಾರ್. ಅದೇ ರಾತ್ರಿ ಒಂಬತ್ತೂವರೆಗೆ ಕ್ಲೈಂಟ್ ಕಾಲ್. 2020 ಮತ್ತು 2021ರಲ್ಲಿ ಬೆಂಗಳೂರಿನ ಎಷ್ಟೋ ಆಫೀಸುಗಳು ಸಿಬ್ಬಂದಿಯ ಮನಸ್ಸನ್ನು ನೋಡಿಕೊಂಡಿದ್ದು ಹೀಗೆ. ವೆಬಿನಾರ್ ಕೆಟ್ಟದ್ದೇನಲ್ಲ. ಆದರೆ ನಿದ್ದೆ ಕೆಡಿಸುವ ಕಾಲ್ ಹಾಗೇ ಇಟ್ಟುಕೊಂಡು ನಿದ್ದೆಯ ಬಗ್ಗೆ ಭಾಷಣ ಕೊಡಿಸಿದರೆ ಏನು ಬಂತು?

ಇದನ್ನು ಬರೆಯುತ್ತಿರುವುದು ಐದಾರು ಜನರಿಂದ ಇಪ್ಪತ್ತು ಜನರವರೆಗಿನ ಟೀಂ ನೋಡಿಕೊಳ್ಳುವ ಲೀಡ್‌ಗಳಿಗೆ, ಮ್ಯಾನೇಜರ್‌ಗಳಿಗೆ. ಕಂಪನಿಯ ಪಾಲಿಸಿ ಬದಲಿಸುವ ಅಧಿಕಾರ ನಿಮಗೆ ಇರಲಿಕ್ಕಿಲ್ಲ. ಆದರೆ ಯಾರಿಗೆ ಯಾವ ಕೆಲಸ, ಯಾವ ಹೊತ್ತಿಗೆ ಮೀಟಿಂಗ್, ಯಾರಿಗೆ ಯಾವಾಗ ರಜೆ, ಈ ಮೂರು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇರುತ್ತವೆ. ಮನಸ್ಸು ಕೆಡುವುದೂ ಸುಧಾರಿಸುವುದೂ ಜಾಸ್ತಿ ಈ ಮೂರರಿಂದಲೇ ಅನ್ನುವುದು ನನ್ನ ಅನುಭವ. ಮಾತು, ಸಮಾಧಾನ, ಕೌನ್ಸೆಲಿಂಗ್ ಎಲ್ಲ ಬೇಕು, ಅವು ಇದರ ನಂತರ.

ಕೋವಿಡ್ ಕಥೆ ಈಗ್ಯಾಕೆ ಅಂತ ಕೇಳಬಹುದು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ 21 ದಿನದ ಲಾಕ್‌ಡೌನ್ ಘೋಷಿಸಿದಾಗ ಏನು ಮಾಡಬೇಕು ಅನ್ನುವ ಪಟ್ಟಿ ಲೀಡ್‌ಗಳ ಹತ್ತಿರ ಇರಲಿಲ್ಲ. ಮತ್ತೆ ಅಂಥ ಕಾಲ ಬಂದರೆ ಇರಲಿ ಅಂತ. ಮನೆಯಿಂದ ಕೆಲಸ ಮಾಡುವುದು ಹೇಗೂ ಪೂರ್ತಿ ನಿಂತಿಲ್ಲ, ಅಲ್ವಾ?

ಹೆಜ್ಜೆ 1: ಯಾರು ಎಲ್ಲಿದ್ದಾರೆ ಅಂತ ತಿಳಿದುಕೊಳ್ಳಿ

ಆಫೀಸಿನಲ್ಲಿ ಎಲ್ಲರಿಗೂ ಒಂದೇ ಥರದ ಕುರ್ಚಿ, ಒಂದೇ ಎಸಿ, ಒಂದೇ ಕ್ಯಾಂಟೀನ್. ಮನೆಗೆ ಹೋದ ಕೂಡಲೇ ಆ ಸಮಾನತೆ ಮುಗಿಯಿತು. ಒಬ್ಬರು ಜಯನಗರದ ಮೂರು ಬೆಡ್‌ರೂಮ್ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ಇನ್ನೊಬ್ಬರು ಬಿಟಿಎಂ ಲೇಔಟ್‌ನ ಪಿಜಿಯಲ್ಲಿ ಇಬ್ಬರು ರೂಮ್‌ಮೇಟ್‌ಗಳ ನಡುವೆ ಮಂಚದ ಮೇಲೆ. ಮತ್ತೊಬ್ಬರು ತೀರ್ಥಹಳ್ಳಿ ಕಡೆಯ ಮನೆಗೆ ಹೋಗಿ, ಸಿಗ್ನಲ್ ಸಿಗುವ ಗುಡ್ಡ ಹುಡುಕಿಕೊಂಡು, ಮಳೆ ಬಂದರೆ ಛತ್ರಿ ಹಿಡಿದು ಸ್ಟ್ಯಾಂಡಪ್‌ಗೆ, ಅಂದರೆ ಟೀಂನ ದಿನದ ಚಿಕ್ಕ ಮೀಟಿಂಗ್‌ಗೆ, ಸೇರುತ್ತಾರೆ. ಮೂವರಿಗೂ ಒಂದೇ ಡೆಡ್‌ಲೈನ್ ಕೊಟ್ಟರೆ ಮೂವರಿಗೂ ಒಂದೇ ಕೆಲಸ ಕೊಟ್ಟ ಹಾಗೆ ಆಗುವುದಿಲ್ಲ.

ಆದ್ದರಿಂದ ಮೊದಲ ವಾರದಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿ. ಗೂಗಲ್ ಫಾರ್ಮ್ ಕಳಿಸಬೇಡಿ, ಫಾರ್ಮ್ ಬಂದರೆ ಜನ ಎಚ್‌ಆರ್‌ಗೆ ಏನು ಬೇಕೋ ಅದನ್ನು ಬರೆಯುತ್ತಾರೆ. ಕಾಲು ಗಂಟೆ ಮಾತಾಡಿದರೆ ಇಷ್ಟು ಗೊತ್ತಾಗಬೇಕು: ಎಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ, ಕೂರುವ ಜಾಗ ಹೇಗಿದೆ, ನೆಟ್ ಮತ್ತು ಕರೆಂಟ್ ಹೇಗೆ, ಮನೆಯಲ್ಲಿ ವಯಸ್ಸಾದವರು ಅಥವಾ ಚಿಕ್ಕ ಮಕ್ಕಳು ಇದ್ದಾರಾ, ದಿನದ ಯಾವ ಹೊತ್ತು ಅವರಿಗೆ ಕೆಲಸಕ್ಕೆ ಆಗಿಬರುವುದೇ ಇಲ್ಲ, ಏನಾದರೂ ಹೆಚ್ಚು ಕಡಿಮೆ ಆದರೆ ಯಾರಿಗೆ ಫೋನ್ ಮಾಡಬೇಕು.

ಕೊನೆಯದನ್ನು ಮರೆಯಬೇಡಿ. ಕಂಪನಿಯ ದಾಖಲೆಯಲ್ಲಿರುವ ತುರ್ತು ನಂಬರ್ ಎಷ್ಟೋ ಸಲ ಕೆಲಸಕ್ಕೆ ಸೇರಿದ ದಿನ ಬರೆದದ್ದು, ಈಗ ಅದು ಚಾಲ್ತಿಯಲ್ಲೇ ಇರುವುದಿಲ್ಲ. ಮತ್ತೆ, ಇದನ್ನೆಲ್ಲ ಟೀಂನ ಶೇರ್ಡ್ ಶೀಟ್‌ನಲ್ಲಿ ಹಾಕಬೇಡಿ. ನಿಮ್ಮ ಸ್ವಂತ ನೋಟ್‌ಬುಕ್‌ನಲ್ಲಿರಲಿ. ಯಾರ ಮನೆಯಲ್ಲಿ ಏನು ತೊಂದರೆ ಅನ್ನುವುದು ಹತ್ತು ಜನರ ಮಾತಿಗೆ ಸಿಕ್ಕರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಪಿಜಿಯಲ್ಲಿ ಒಬ್ಬರೇ ಉಳಿದವರನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಎಷ್ಟೋ ಪಿಜಿಗಳು ಖಾಲಿಯಾದವು, ಅಡುಗೆಯವರು ಊರಿಗೆ ಹೋದರು, ಉಳಿದವರು ಮ್ಯಾಗಿ ತಿಂದುಕೊಂಡು ದಿನ ಕಳೆದರು. ಅಂಥವರಿಗೆ ಇಡೀ ದಿನದಲ್ಲಿ ಕೇಳುವ ಮನುಷ್ಯರ ದನಿ ಅಂದರೆ ನಿಮ್ಮ ಸ್ಟ್ಯಾಂಡಪ್ ಒಂದೇ ಇರಬಹುದು. ಊಟ ಆಯ್ತಾ ಅಂತ ಕೇಳುವುದು ಅವರ ಮಟ್ಟಿಗೆ ಸುಮ್ನೆ ಉಪಚಾರದ ಮಾತಲ್ಲ.

ಹೆಜ್ಜೆ 2: ಕುರ್ಚಿ, ಕರೆಂಟ್, ನೆಟ್

ಇದು ಮನಸ್ಸಿನ ವಿಷಯವೇ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂಬತ್ತು ಗಂಟೆ ಕೂತರೆ ಬೆನ್ನು ಹಿಡಿಯುತ್ತದೆ, ಬೆನ್ನು ಹಿಡಿದರೆ ನಿದ್ದೆ ಬರುವುದಿಲ್ಲ, ನಿದ್ದೆ ಇಲ್ಲದವರು ಮರುದಿನ ಸಣ್ಣ ಮಾತಿಗೂ ರೇಗುತ್ತಾರೆ. ಕ್ಲೈಂಟ್ ಮುಂದೆ ಡೆಮೊ ಕೊಡುವಾಗ ಕರೆಂಟ್ ಹೋಗುತ್ತದೇನೋ ಅನ್ನುವ ಭಯ ದಿನವೂ ಇದ್ದರೆ ಅದೂ ಒಳಗೊಳಗೇ ತಿನ್ನುತ್ತದೆ. ಆಫೀಸಿನಲ್ಲಿ ಖಾಲಿ ಬಿದ್ದ ಕುರ್ಚಿಗಳನ್ನು ಮನೆಗೆ ಕಳಿಸಲು ಅಡ್ಮಿನ್ ಒಪ್ಪುತ್ತಾರಾ ಕೇಳಿ. ಕೆಲವು ಕಂಪನಿಗಳು ಆಗ ಕಳಿಸಿದವು. ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್ ಒಂದೆರಡು ಸಾವಿರಕ್ಕೆ ಸಿಗುತ್ತದೆ, ಅದನ್ನು ಬಿಲ್ ಕೊಟ್ಟು ವಾಪಸ್ ಪಡೆಯುವ ವ್ಯವಸ್ಥೆ ಮಾಡಿಸಿ. ಕರೆಂಟ್ ಹೋದರೆ ಯಾರು ಅವರ ಜಾಗದಲ್ಲಿ ಮಾತಾಡುತ್ತಾರೆ ಅಂತ ಮೊದಲೇ ಹೆಸರು ಹಾಕಿಡಿ. ಇಷ್ಟಾದರೆ ಅರ್ಧ ಭಯ ಹೋಯಿತು.

ಹೆಜ್ಜೆ 3: ಹೊತ್ತಿಗೆ ಗೆರೆ ಎಳೆಯಿರಿ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲ ಎಡವಟ್ಟಿನ ಮೂಲ ಇದೇ.

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ಶಾಪ ಹಾಕಿದ ನಾವೇ ಲಾಕ್‌ಡೌನ್ ಶುರುವಾದಾಗ ಪ್ರಯಾಣ ತಪ್ಪಿತು ಅಂತ ಖುಷಿಪಟ್ಟೆವು. ಆದರೆ ಆ ಒಂದೂವರೆ ಗಂಟೆ ನಮಗೆ ಸಿಗಲಿಲ್ಲ, ಆಫೀಸಿಗೆ ಹೋಯಿತು. ಬೆಳಗ್ಗೆ ಒಂಬತ್ತಕ್ಕೆ ಬಸ್ ಹತ್ತುತ್ತಿದ್ದವರು ಎಂಟೂವರೆಗೇ ಲಾಗಿನ್ ಆದರು. ಸಂಜೆ ಕ್ಯಾಬ್ ಹೊರಡುತ್ತದೆ ಅನ್ನುವ ನೆಪ ಇತ್ತಲ್ಲ, ಎದ್ದು ಹೋಗಲು ಅದಕ್ಕಿಂತ ಮರ್ಯಾದಸ್ಥ ಕಾರಣ ಇನ್ನೊಂದಿರಲಿಲ್ಲ, ಅದೂ ಹೋಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಕೇಳುತ್ತಾ ಆಫೀಸಿನ ತಲೆಬಿಸಿ ಇಳಿಸಿಕೊಳ್ಳುತ್ತಿದ್ದ ಹೊತ್ತೂ ಹೋಯಿತು.

ಕಾನೂನು ಏನು ಹೇಳುತ್ತದೆ ಗೊತ್ತಿರಲಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಗೆರೆ ಹಾಕಿದೆ. ನಿಮ್ಮ ಆಫೀಸಿನಲ್ಲಿ ಯಾರೂ ಇದನ್ನು ಓದಿರಲಿಕ್ಕಿಲ್ಲ. ಆದರೂ ಮೇಲಿನವರ ಜೊತೆ ಮಾತಾಡುವಾಗ 'ಹುಡುಗರು ಸುಸ್ತಾಗಿದ್ದಾರೆ' ಅನ್ನುವುದಕ್ಕಿಂತ 'ಈ ವಾರ ಇವರದ್ದು 61 ಗಂಟೆ ಆಗಿದೆ, ಕಾಯ್ದೆಯಲ್ಲಿರುವುದು 48' ಅಂದರೆ ಮಾತಿಗೆ ತೂಕ ಬರುತ್ತದೆ.

ಈಗ ಮಾಡಬೇಕಾದ್ದು. ಟೀಂ ಪೂರ್ತಿ ಒಂದು ಗಂಟೆ ಕೂತು ಒಂದೇ ಪುಟದ ಒಪ್ಪಂದ ಬರೆಯಿರಿ. ಎಲ್ಲರೂ ಒಟ್ಟಿಗೆ ಸಿಗಬೇಕಾದ ನಾಲ್ಕು ಗಂಟೆ ಯಾವುದು, ಉಳಿದದ್ದು ಅವರವರ ಅನುಕೂಲ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಯಾರೂ ಮೀಟಿಂಗ್ ಹಾಕಬಾರದು, ಯಾಕೆಂದರೆ ಮನೆಯಲ್ಲಿ ಅಡುಗೆ ಮಾಡಿ ಬಡಿಸುವವರೂ ಟೀಂನಲ್ಲಿದ್ದಾರೆ. ರಾತ್ರಿ ಎಂಟರ ನಂತರ ಬಂದ ಮೆಸೇಜಿಗೆ ಮರುದಿನ ಉತ್ತರ ಕೊಟ್ಟರೆ ಸಾಕು. ನಿಜವಾಗಿ ತುರ್ತಾದರೆ ಫೋನ್ ಮಾಡಬೇಕು, ಅದೂ ಆ ವಾರ ಯಾರ ಸರದಿಯೋ ಅವರಿಗೆ ಮಾತ್ರ. ಫೋನ್ ಮಾಡಲು ಕೈ ಹಿಂಜರಿದರೆ ಅದು ತುರ್ತಲ್ಲ ಅಂತಲೇ ಅರ್ಥ.

ಅಮೆರಿಕದ ಕ್ಲೈಂಟ್ ಇದ್ದರೆ ಲೆಕ್ಕ ಬಿಡಿಸಿ ಹೇಳಿ. ಅವರ ಪೂರ್ವ ಕರಾವಳಿಯಲ್ಲಿ ಬೆಳಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಪಶ್ಚಿಮ ಕರಾವಳಿಯ 9 ಗಂಟೆ ಅಂದರೆ ನಮಗೆ ರಾತ್ರಿ 9:30 ಅಥವಾ 10:30. ಪಶ್ಚಿಮದವರ ಜೊತೆ ದಿನವೂ ಕಾಲ್ ಬೇಕೇಬೇಕು ಅಂದರೆ ವಾರಕ್ಕೆ ಇಬ್ಬರಂತೆ ಸರದಿ ಹಾಕಿ, ರಾತ್ರಿ ಕೂತವರು ಮರುದಿನ ಹನ್ನೊಂದಕ್ಕೆ ಬಂದರೆ ಯಾರೂ ಹುಬ್ಬೇರಿಸಬಾರದು ಅಂತಲೂ ಬರೆಯಿರಿ. ಬೆಳಗ್ಗೆ ಒಂಬತ್ತರ ಸ್ಟ್ಯಾಂಡಪ್ ಮತ್ತು ರಾತ್ರಿ ಹತ್ತರ ಕಾಲ್ ಎರಡಕ್ಕೂ ಒಂದೇ ಮನುಷ್ಯ ಬರಬೇಕು ಅನ್ನುವುದೇ ಟೀಂ ಮುರಿಯುವ ಖಚಿತ ದಾರಿ.

ಇನ್ನೊಂದು ವಿಷಯ. ನೀವು ರಾತ್ರಿ ಹನ್ನೊಂದಕ್ಕೆ ಮೇಲ್ ಕಳಿಸಿ 'ಈಗಲೇ ನೋಡಬೇಕಾಗಿಲ್ಲ' ಅಂತ ಬರೆದರೂ ಅವರು ಈಗಲೇ ನೋಡುತ್ತಾರೆ. ಬಾಸ್ ಎದ್ದಿದ್ದಾರೆ ಅಂದಮೇಲೆ ಮಲಗುವುದು ಹೇಗೆ? ಮೇಲ್ ಬೆಳಗ್ಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ.

ಹೆಜ್ಜೆ 4: ಮೀಟಿಂಗ್ ಕತ್ತರಿಸಿ

ವಿಡಿಯೊ ಕಾಲ್ ಯಾಕೆ ಅಷ್ಟು ಸುಸ್ತು ಮಾಡುತ್ತದೆ ಅನ್ನುವುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟರು. ಎಲ್ಲರ ಮುಖವೂ ತೀರಾ ಹತ್ತಿರ, ಎಲ್ಲರೂ ನಮ್ಮನ್ನೇ ನೋಡುತ್ತಿರುವ ಹಾಗೆ. ನಮ್ಮ ಮುಖವನ್ನೇ ನಾವು ಗಂಟೆಗಟ್ಟಲೆ ನೋಡುವುದು. ಕೂತ ಜಾಗದಿಂದ ಅಲ್ಲಾಡಲಾಗದ್ದು. ಎದುರಿಗಿದ್ದರೆ ಸುಮ್ಮನೆ ತಿಳಿಯುವ ಸನ್ನೆಗಳನ್ನು ತಲೆ ಖರ್ಚು ಮಾಡಿ ಹಿಡಿಯಬೇಕಾದ್ದು.

ಕಾರಣ ಗೊತ್ತಾದರೆ ಮದ್ದು ತಾನಾಗಿ ಗೊತ್ತಾಗುತ್ತದೆ. ನಮ್ಮ ಮುಖ ನಮಗೆ ಕಾಣದ ಹಾಗೆ ಮಾಡುವ ಸೆಟ್ಟಿಂಗ್ ಇದೆ, ಎಲ್ಲರಿಗೂ ತೋರಿಸಿಕೊಡಿ. ಒಬ್ಬರ ಜೊತೆ ಒಬ್ಬರೇ ಮಾತಾಡುವುದಿದ್ದರೆ ವಿಡಿಯೊ ಬೇಡ, ಫೋನ್ ಹಿಡಿದು ಟೆರೇಸ್ ಮೇಲೆ ಓಡಾಡುತ್ತಾ ಮಾತಾಡಿ. ಅರ್ಧ ಗಂಟೆಯ ಮೀಟಿಂಗ್ ಇಪ್ಪತ್ತೈದು ನಿಮಿಷ, ಒಂದು ಗಂಟೆಯದ್ದು ಐವತ್ತು ನಿಮಿಷ. ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲೇ ಹಾಗೆ ಮಾಡಿಟ್ಟರೆ ದಿನವೂ ನೆನಪಿಸಬೇಕಾಗಿಲ್ಲ.

ಕ್ಯಾಮೆರಾ ಹಾಕಲೇಬೇಕು ಅನ್ನುವ ನಿಯಮ ಬಿಟ್ಟುಬಿಡಿ. ಒಂದೇ ಹಾಲ್ ಇರುವ ಮನೆಯಲ್ಲಿ ಹಿಂದೆ ಅತ್ತೆ ಧಾರಾವಾಹಿ ನೋಡುತ್ತಿರುತ್ತಾರೆ, ಮಾವ ಬನಿಯನ್‌ನಲ್ಲಿ ಓಡಾಡುತ್ತಿರುತ್ತಾರೆ. ಮನೆಯೊಳಗನ್ನು ಆಫೀಸಿಗೆ ತೋರಿಸುವ ಸಂಕೋಚ ದೊಡ್ಡದು, ಹೇಳಿಕೊಳ್ಳಲೂ ಆಗದ್ದು. ಮೌಸ್ ಅಲ್ಲಾಡುತ್ತಿದೆಯೇ ಅಂತ ಎಣಿಸುವ, ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್ ಫೋಟೊ ತೆಗೆಯುವ ಸಾಫ್ಟ್‌ವೇರ್‌ಗಳ ಬಗ್ಗೆ ನನ್ನ ಮಾತು ಇಷ್ಟೇ: ಅದನ್ನು ಹಾಕಿಸಿ ಆಮೇಲೆ ಮಾನಸಿಕ ಆರೋಗ್ಯದ ಪೋಸ್ಟರ್ ಕಳಿಸಬೇಡಿ.

ಹೆಜ್ಜೆ 5: ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಮಾತು

ಹೇಗಿದ್ದೀರ ಅಂತ ಕೇಳಿದರೆ ಬರುವ ಉತ್ತರ ಒಂದೇ, ಪರವಾಗಿಲ್ಲ ಸರ್. ಅದಕ್ಕೇ ಪ್ರಶ್ನೆ ಚಿಕ್ಕದಿರಲಿ, ನಿನ್ನೆ ಮೊನ್ನೆಯದಿರಲಿ.

'ನಿನ್ನೆ ಎಷ್ಟೊತ್ತಿಗೆ ಮುಗೀತು?'
'ಹನ್ನೊಂದೂವರೆ ಆಯ್ತು ಸರ್.'
'ಮೊನ್ನೆ?'
'ಹಂಗೇ ಸರ್. ಈಗ ದಿನಾ ಅಷ್ಟೇ.'
'ಊಟ?'
'ಮಧ್ಯದಲ್ಲಿ ಯಾವಾಗಾದ್ರೂ. ಕೆಲವು ಸಲ ಮಾಡಲ್ಲ.'
'ಈ ವಾರದ ಕೆಲಸದಲ್ಲಿ ಯಾವುದನ್ನ ತೆಗೆದರೆ ನಿಮಗೆ ಹಗುರ ಆಗುತ್ತೆ, ಹೇಳಿ.'

ಕೊನೆಯ ಪ್ರಶ್ನೆ ಕೇಳಿದ ಮೇಲೆ ನೀವು ನಿಜವಾಗಿ ಒಂದು ಕೆಲಸ ತೆಗೆಯಬೇಕು. ಕೇಳಿ ಸುಮ್ಮನಾದರೆ ಕೇಳದೇ ಇದ್ದದ್ದೇ ಮೇಲು. ರಿಪೋರ್ಟ್ ಮುಂದಿನ ವಾರಕ್ಕೆ ಹಾಕಿ, ಒಂದು ಟಿಕೆಟ್ ಬೇರೆಯವರಿಗೆ ಕೊಡಿ, ಇಲ್ಲವೇ ಕ್ಲೈಂಟ್‌ಗೆ ನೀವೇ ಬರೆದು ಎರಡು ದಿನ ಸಮಯ ಕೇಳಿ.

ಭಾಷೆಯ ಕಡೆ ಗಮನ ಇರಲಿ. ಸ್ಟ್ಯಾಂಡಪ್‌ನಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡುವವರು ಅಮ್ಮನಿಗೆ ಹುಷಾರಿಲ್ಲ ಅನ್ನುವುದನ್ನು ಕನ್ನಡದಲ್ಲೇ ಹೇಳುತ್ತಾರೆ. ನೀವು ಕನ್ನಡಕ್ಕೆ ಇಳಿದರೆ ಅವರೂ ಇಳಿಯುತ್ತಾರೆ. ಟೀಂನಲ್ಲಿ ತಮಿಳು, ತೆಲುಗು, ಹಿಂದಿಯವರಿದ್ದರೆ ಅವರ ಭಾಷೆ ಬರುವ ಹಿರಿಯರೊಬ್ಬರು ಆಗಾಗ ಮಾತಾಡಿಸಲಿ. 'ನನಗೆ ಡಿಪ್ರೆಶನ್' ಅಂತ ಯಾರೂ ಬಂದು ಹೇಳುವುದಿಲ್ಲ. ಯಾಕೋ ಮನಸ್ಸು ಸರಿಯಿಲ್ಲ, ತಲೆ ಓಡ್ತಿಲ್ಲ, ಏನೂ ಬೇಡ ಅನ್ನಿಸುತ್ತೆ, ಎದೆ ಢವಢವ ಅನ್ನುತ್ತೆ. ಹೇಳುವುದು ಹೀಗೆ, ಕೆಲವರು ಇದನ್ನೂ ಹೇಳದೆ ಗ್ಯಾಸ್ಟ್ರಿಕ್ ಅಂದುಬಿಡುತ್ತಾರೆ.

ಧೈರ್ಯ ತಗೊಳ್ಳಿ, ಎಲ್ಲರಿಗೂ ಇದ್ದಿದ್ದೇ, ಪ್ರಾಣಾಯಾಮ ಮಾಡಿ ಅಂತ ಮೊದಲ ಐದು ನಿಮಿಷದಲ್ಲಿ ಹೇಳಬೇಡಿ. ಪ್ರಾಣಾಯಾಮ ಒಳ್ಳೆಯದೇ. ಆದರೆ ಆ ಮಾತು ಬಂದ ಕೂಡಲೇ ಎದುರಿನವರ ಬಾಯಿ ಮುಚ್ಚಿಹೋಗುತ್ತದೆ.

ಹೆಜ್ಜೆ 6: ಬದಲಾವಣೆ ಗಮನಿಸಿ

ಮಾತು ಕಡಿಮೆ ಇರುವ ಹುಡುಗ ಸುಮ್ಮನಿದ್ದರೆ ಅದು ಅವನ ಸ್ವಭಾವ. ಸದಾ ತಮಾಷೆ ಮಾಡುತ್ತಿದ್ದವಳು ಎರಡು ವಾರದಿಂದ ಗ್ರೂಪ್‌ನಲ್ಲಿ ಒಂದು ಮಾತೂ ಹಾಕಿಲ್ಲ ಅಂದರೆ ಅದು ಸುದ್ದಿ. ಯಾರನ್ನೂ ಇನ್ನೊಬ್ಬರ ಜೊತೆ ಹೋಲಿಸಬೇಡಿ, ಅವರದ್ದೇ ಹಿಂದಿನ ರೀತಿ ಜೊತೆ ಹೋಲಿಸಿ. ಬೆಳಗಿನ ಜಾವ ಮೂರಕ್ಕೆ ಕೋಡ್ ಕಮಿಟ್ ಆಗುತ್ತಿದೆಯಾ? ಸಲೀಸಾಗಿ ಮಾಡುತ್ತಿದ್ದ ಕೆಲಸದಲ್ಲಿ ತಪ್ಪು ಜಾಸ್ತಿಯಾಗಿದೆಯಾ? ಸೋಮವಾರದ ರಜೆ ಪದೇ ಪದೇ ಬರುತ್ತಿದೆಯಾ? ಕುಡಿತ ಹೆಚ್ಚಾದ ಸುಳಿವು ಇದೆಯಾ? ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು ದಿನದ ಬಹುಪಾಲು ಹೊತ್ತು ಎರಡು ವಾರ ಬಿಡದೆ ಇದ್ದರೆ ವೈದ್ಯರಿಗೆ ತೋರಿಸಬೇಕು.

ಬರ್ನೌಟ್ ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತ ಕರೆಯಿತು. ಕೆಲಸದ ಜಾಗದಲ್ಲಿ ಬಹುಕಾಲ ಇದ್ದು, ಸರಿಯಾಗಿ ನಿಭಾಯಿಸದೆ ಉಳಿದ ಒತ್ತಡದಿಂದ ಬರುವುದು ಅಂದಿತು. ಲಕ್ಷಣ ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಹುಟ್ಟುವುದು ಕೆಲಸದಿಂದ ಅಂದಮೇಲೆ ಸರಿಮಾಡಬೇಕಾದ್ದೂ ಕೆಲಸವನ್ನು. ರೋಗ ಯಾವುದು ಅಂತ ಹೆಸರಿಡುವುದು ಮಾತ್ರ ನಿಮ್ಮ ಕೆಲಸವಲ್ಲ, ಆ ಚಪಲ ಬೇಡ.

ಹೆಜ್ಜೆ 7: ಸಹಾಯದ ದಾರಿ ಮೊದಲೇ ಸಿದ್ಧವಿರಲಿ

ಕಷ್ಟ ಬಂದ ದಿನ ನಂಬರ್ ಹುಡುಕುತ್ತಾ ಕೂರಬಾರದು. ಇವತ್ತೇ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ: ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಸಹಾಯವಾಣಿಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಕೋವಿಡ್ ಶುರುವಾದಾಗ ಇದು ಇರಲಿಲ್ಲ, ಆಗ ನಿಮ್ಹಾನ್ಸ್ 2020ರಲ್ಲಿ ತೆರೆದ 080-46110007 ಎಷ್ಟೋ ಜನರಿಗೆ ಆಸರೆಯಾಯಿತು.

ಎದುರಿಗೇ ಕೂತು ಮಾತಾಡಬೇಕು ಅನ್ನುವವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ. ಆ ಆವರಣಕ್ಕೆ ಹೋಗಲು ಇನ್ನೂ ಕೆಲವರಿಗೆ ಮುಜುಗರ, ಯಾರಾದರೂ ನೋಡಿಬಿಟ್ಟರೆ ಅಂತ. ಅವರಿಗೆ ಬಿಟಿಎಂ ಲೇಔಟ್‌ನಲ್ಲಿರುವ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಬಗ್ಗೆ ಹೇಳಿ. ಫೋನ್, ಗೇಮ್ ಬಿಡಲಾಗದೆ ಒದ್ದಾಡುವವರಿಗೆ ನಿಮ್ಹಾನ್ಸ್‌ನಲ್ಲೇ ಶಟ್ ಅನ್ನುವ ಕ್ಲಿನಿಕ್ 2014ರಿಂದ ಇದೆ. ಊರಿಗೆ ಹೋದವರು ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವುದು ದೇಶಕ್ಕೆಲ್ಲ ಹಬ್ಬಿದ್ದೇ ನಮ್ಮ ಬಳ್ಳಾರಿಯ ಮಾದರಿಯಿಂದ.

ಕಂಪನಿಯಲ್ಲಿ ಕೌನ್ಸೆಲಿಂಗ್ ಸೌಲಭ್ಯ, ಅಂದರೆ ಇಎಪಿ, ಇದ್ದರೆ ಎಚ್‌ಆರ್‌ಗೆ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಯಾರು ಫೋನ್ ಮಾಡಿದರು ಅನ್ನುವ ಹೆಸರು ಕಂಪನಿಗೆ ಹೋಗುತ್ತದಾ? ಕನ್ನಡದಲ್ಲಿ ಮಾತಾಡುವವರು ಇದ್ದಾರಾ? ಎಷ್ಟು ಸಲ ಉಚಿತ? ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಸೌಲಭ್ಯವನ್ನು ಯಾರೂ ಬಳಸುವುದಿಲ್ಲ, ಬಳಸದೇ ಇರುವುದು ಅವರ ತಪ್ಪೂ ಅಲ್ಲ.

ಇನ್ಶೂರೆನ್ಸ್ ಕೂಡ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಗ್ರೂಪ್ ಪಾಲಿಸಿಗಳು ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ವಾರಕ್ಕೊಮ್ಮೆ ಹೋಗುವ ಕೌನ್ಸೆಲಿಂಗ್ ಮತ್ತು ಮಾತ್ರೆಯ ಖರ್ಚು ಕೈಯಿಂದಲೇ. ಹೊರರೋಗಿ ಖರ್ಚನ್ನೂ ಸೇರಿಸಿ ಅಂತ ಪಾಲಿಸಿ ನವೀಕರಣದ ಹೊತ್ತಿಗೆ ಕೇಳುವುದು ನಾಲ್ಕು ವೆಬಿನಾರ್‌ಗಿಂತ ಉಪಯೋಗ.

ಯಾರಾದರೂ ಬದುಕೇ ಬೇಡ ಅನ್ನುವ ಮಾತಾಡಿದರೆ ಅದನ್ನು ತಮಾಷೆ ಅಂತ ದಾಟಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ಸುಳ್ಳು ಭಯ. ಹೌದು ಅಂದರೆ ಫೋನ್ ಇಡಬೇಡಿ. ಇನ್ನೊಂದು ಫೋನಿಂದ ಅವರ ಮನೆಯವರನ್ನೋ ರೂಮ್‌ಮೇಟನ್ನೋ ಹತ್ತಿರ ಕಳಿಸಿ, 14416ಕ್ಕೆ ಮಾಡಿ, ಅಪಾಯ ಈಗಲೇ ಇದೆ ಅನ್ನಿಸಿದರೆ 112. ಇಲ್ಲಿ ಗುಟ್ಟು ಕಾಪಾಡುವ ಮಾತು ಕೊಡಬೇಡಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರುವವರಿಗೆ ಹೇಳಿ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ.

ಹೆಜ್ಜೆ 8: ಮನೆಯೇ ಕಷ್ಟದ ಜಾಗವಾದಾಗ

ಹೆಂಗಸರ ಮೇಲೆ ಬಿದ್ದ ಎರಡು ಪಾಳಿಯ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಬೆಳಗ್ಗೆ ಏಳರಿಂದ ಹತ್ತು ಮತ್ತು ಸಂಜೆ ಏಳರಿಂದ ಒಂಬತ್ತು ಅವರ ಕ್ಯಾಲೆಂಡರ್ ಮುಟ್ಟಬೇಡಿ. ಗಂಡಸರಿಗೂ ಅದೇ ರಿಯಾಯಿತಿ ಕೊಡಿ, ಆಗ ಮನೆ ಕೆಲಸ ಮಾಡದಿರಲು ಆಫೀಸಿನ ನೆಪ ಇರುವುದಿಲ್ಲ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಆಫೀಸ್ ಅನ್ನುವ ಒಂದೇ ಬಿಡುವೂ ಲಾಕ್‌ಡೌನ್‌ನಲ್ಲಿ ಹೋಯಿತು. ಅಂಥ ಅನುಮಾನ ಬಂದರೆ ಫೋನ್‌ನಲ್ಲಿ ಹೌದು, ಅಲ್ಲ ಅಂತ ಉತ್ತರಿಸುವ ಪ್ರಶ್ನೆ ಮಾತ್ರ ಕೇಳಿ, ಪಕ್ಕದಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಮಹಿಳಾ ಸಹಾಯವಾಣಿ 181. ಇನ್ನು ಆಫೀಸಿನವರೇ ವಿಡಿಯೊ ಕಾಲ್‌ನಲ್ಲಿ, ರಾತ್ರಿ ಮೆಸೇಜಿನಲ್ಲಿ ಅಸಭ್ಯವಾಗಿ ನಡೆದುಕೊಂಡರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ಸ್ಥಳದ ಅರ್ಥದೊಳಗೆ ಮನೆಯೂ ಬರುತ್ತದೆ. ಮನೆಯಲ್ಲಿದ್ದಾಗ ಆದದ್ದು ಅಂತ ದೂರು ತಳ್ಳಿಹಾಕುವ ಹಾಗಿಲ್ಲ.

ಹೆಜ್ಜೆ 9: ಕಾಯಿಲೆ, ಸಾವು

2021ರ ಏಪ್ರಿಲ್, ಮೇ ತಿಂಗಳು ನೆನಪಿರುವವರಿಗೆ ವಿವರಿಸಬೇಕಾಗಿಲ್ಲ. ಆಕ್ಸಿಜನ್ ಬೆಡ್ ಹುಡುಕುತ್ತಲೇ ಮೀಟಿಂಗ್‌ನಲ್ಲಿ ಮ್ಯೂಟ್ ಹಾಕಿಕೊಂಡು ಕೂತವರು ಎಲ್ಲ ಟೀಂಗಳಲ್ಲೂ ಇದ್ದರು. ಮನೆಯಲ್ಲಿ ಯಾರಿಗಾದರೂ ಸೀರಿಯಸ್ ಅಂತ ಗೊತ್ತಾದ ಕೂಡಲೇ ಅವರನ್ನು ಎಲ್ಲ ಗ್ರೂಪ್‌ನಿಂದ ಮ್ಯೂಟ್ ಮಾಡಿಸಿ, ರಜೆ ನೀವೇ ಹಾಕಿ, ಕೆಲಸ ಹಂಚಿ. ಟೀಂನಿಂದ ಒಬ್ಬರೇ ಅವರ ಜೊತೆ ಸಂಪರ್ಕದಲ್ಲಿರಲಿ, ಹದಿನೈದು ಜನ ಹದಿನೈದು ಸಲ 'ಈಗ ಹೇಗಿದ್ದಾರೆ' ಅಂತ ಕೇಳುವುದು ಬೇಡ.

ಸಾವಾದರೆ ಕಂಪನಿ ಪಾಲಿಸಿಯಲ್ಲಿ ಮೂರೋ ಐದೋ ದಿನ ರಜೆ ಇರುತ್ತದೆ. ನಮ್ಮ ಮನೆಗಳಲ್ಲಿ ಹನ್ನೊಂದು, ಹದಿಮೂರು ದಿನದವರೆಗೆ ಕಾರ್ಯ ಇರುತ್ತದೆ, ಮುಸ್ಲಿಂ ಮನೆಗಳಲ್ಲಿ ನಲವತ್ತನೇ ದಿನ ಇರುತ್ತದೆ. ಅಷ್ಟು ದಿನಕ್ಕೆ ರಜೆ ಹೊಂದಿಸಿಕೊಡುವುದು ನಿಮ್ಮ ಜವಾಬ್ದಾರಿ. ಯಾವಾಗ ಬರುತ್ತೀರಿ ಅಂತ ಕೇಳಬೇಡಿ, ಇಂಥ ದಿನ ಫೋನ್ ಮಾಡುತ್ತೇನೆ ಅಂತ ಹೇಳಿ. ಸಾವಿನ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮಲ್ಲಿ ಇದೆ. ಸುಮ್ಮನೆ ಹತ್ತು ನಿಮಿಷ ಕೂತು ಬರುವುದು, ಅಷ್ಟೇ. ಕೋವಿಡ್ ಅದನ್ನೂ ಕಿತ್ತುಕೊಂಡಿತು. ವಾಟ್ಸ್ಯಾಪ್‌ನಲ್ಲಿ ಓಂ ಶಾಂತಿ ಅಂತ ಹಾಕಿದರೆ ಆ ಜಾಗ ತುಂಬುವುದಿಲ್ಲ. ಫೋನ್ ಮಾಡಿ, ಹೋದವರ ಬಗ್ಗೆ ಕೇಳಿ, ಹೋಗುವ ಪರಿಸ್ಥಿತಿ ಬಂದ ಮೇಲೆ ತಡವಾದರೂ ಮನೆಗೆ ಹೋಗಿ ಬನ್ನಿ. ಅವರು ಕೆಲಸಕ್ಕೆ ಬಂದ ಮೊದಲ ತಿಂಗಳು ಅರ್ಧ ಕೆಲಸ ಕೊಡಿ. ಮೊದಲ ದಿನವೇ ಕ್ಲೈಂಟ್ ಕಾಲ್‌ಗೆ ಕೂರಿಸಬೇಡಿ.

ಸಹೋದ್ಯೋಗಿಯೇ ತೀರಿಕೊಂಡರೆ ಕುಟುಂಬಕ್ಕೆ ಕಾಗದಪತ್ರದಲ್ಲಿ ಸಹಾಯ ಬೇಕಾಗುತ್ತದೆ. ಪಿಎಫ್ ಹಣಕ್ಕೆ ಫಾರ್ಮ್ 20, ಕುಟುಂಬ ಪಿಂಚಣಿಗೆ 10ಡಿ, ಪಿಎಫ್ ಜೊತೆಗೇ ಬರುವ ಇಡಿಎಲ್‌ಐ ಅನ್ನುವ ಜೀವವಿಮೆಗೆ 5ಐಎಫ್. ಈ ವಿಮೆಯ ಗರಿಷ್ಠ ಮೊತ್ತ 2021ರಲ್ಲಿ 7 ಲಕ್ಷ ರೂಪಾಯಿಗೆ ಏರಿತು, ಪಿಎಫ್ ಇರುವ ಎಷ್ಟೋ ಮನೆಗಳಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಟೀಂನ ಎಲ್ಲರೂ ಪಿಎಫ್ ನಾಮಿನಿ ಹೆಸರು ಹಾಕಿದ್ದಾರಾ ಅಂತ ಇವತ್ತೇ ಕೇಳಿ. ಮದುವೆಯಾದ ಮೇಲೆ ಬದಲಿಸದವರೇ ಜಾಸ್ತಿ.

ಹೆಜ್ಜೆ 10: ನಿಮ್ಮದೇ ಗತಿ, ಮೇಲಿನವರ ಜೊತೆ ಮಾತು

ಹದಿನೈದು ಜನರ ಕಷ್ಟ ಕೇಳುವವರಿಗೂ ಕೇಳುವವರು ಬೇಕು. ಬೇರೆ ಟೀಂನ ಇನ್ನೊಬ್ಬ ಲೀಡ್ ಜೊತೆ ವಾರಕ್ಕೊಮ್ಮೆ ಹರಟೆ ಇಟ್ಟುಕೊಳ್ಳಿ, ಹೆಸರು ಹೇಳದೆ ಮಾತಾಡಿ. ನೀವೂ ರಜೆ ಹಾಕಿ, ಹಾಕಿದ್ದು ಟೀಂಗೆ ಕಾಣಲಿ.

ಮೇಲಿನವರ ಹತ್ತಿರ ಹೋಗುವಾಗ ಮೂರು ಅಂಕಿ ಸಾಕು: ವಾರಕ್ಕೆ ಸರಾಸರಿ ಎಷ್ಟು ಗಂಟೆ ಕೆಲಸ, ಬಳಸದೆ ಉಳಿದ ರಜೆ ಎಷ್ಟು, ಕಳೆದ ಆರು ತಿಂಗಳಲ್ಲಿ ಬಿಟ್ಟುಹೋದವರು ಎಷ್ಟು. ಜೊತೆಗೆ ಒಂದೇ ಬೇಡಿಕೆ. ಐದು ಬೇಡಿಕೆ ಇಟ್ಟರೆ ಐದಕ್ಕೂ 'ನೋಡೋಣ' ಬರುತ್ತದೆ.

ಹೆಜ್ಜೆ 11: ವಾಪಸ್ ಆಫೀಸಿಗೆ ಕರೆಯುವಾಗ

ಸೋಮವಾರದಿಂದ ಎಲ್ಲರೂ ಬನ್ನಿ ಅಂತ ಶುಕ್ರವಾರ ಮೇಲ್ ಹಾಕುವುದು ಅನ್ಯಾಯ. ಎಷ್ಟೋ ಜನ ಬಾಡಿಗೆ ಮನೆ ಬಿಟ್ಟು, ಸಾಮಾನು ಲಾರಿಗೆ ಹಾಕಿಕೊಂಡು ಹಾಸನಕ್ಕೋ ದಾವಣಗೆರೆಗೋ ಹೋಗಿರುತ್ತಾರೆ. ಮತ್ತೆ ಬೆಂಗಳೂರಿನಲ್ಲಿ ಮನೆ ಹುಡುಕಬೇಕು, ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಒಟ್ಟುಮಾಡಬೇಕು, ಮಕ್ಕಳ ಸ್ಕೂಲ್ ಮಧ್ಯದಲ್ಲಿ ಬಿಡಿಸಲಾಗುವುದಿಲ್ಲ. ಕಡಿಮೆ ಅಂದರೂ ಎರಡು ತಿಂಗಳು ಮೊದಲು ತಿಳಿಸಿ, ಮಕ್ಕಳಿರುವವರಿಗೆ ಶಾಲೆಯ ವರ್ಷ ಮುಗಿಯುವವರೆಗೆ ಸಮಯ ಕೊಡಿಸಿ, ಅಡ್ವಾನ್ಸ್‌ಗೆ ಸಂಬಳದ ಮೇಲೆ ಬಡ್ಡಿಯಿಲ್ಲದ ಮುಂಗಡ ಸಿಗುತ್ತದಾ ಅಂತ ಫೈನಾನ್ಸ್‌ನವರನ್ನು ಕೇಳಿ. ಲಾಕ್‌ಡೌನ್‌ನಲ್ಲಿ ಸೇರಿ ಆಫೀಸನ್ನೇ ನೋಡದವರು ಟೀಂನಲ್ಲಿದ್ದರೆ ಮೊದಲ ದಿನ ಅವರನ್ನು ಗೇಟಿನಿಂದ ಕರೆದುಕೊಂಡು ಹೋಗಲು ಯಾರಾದರೊಬ್ಬರನ್ನು ನೇಮಿಸಿ, ಮಧ್ಯಾಹ್ನ ಅವರ ಜೊತೆ ಊಟಕ್ಕೆ ನೀವೇ ಕೂರಿ.